ಕುರ್ಚಿಯ ಬೆನ್ನ ಹಿಂದಿನ ಅಕ್ಷರಗಳು

"ಪಾಸ್‌ವರ್ಡ್ ತಪ್ಪು" ಎಂದು ತಮ್ಮನ ಲ್ಯಾಪ್‌ಟಾಪಿನ ಪರದೆ ಮತ್ತೆ ಹೇಳಿತು.

ಕೆದಕಮ್ಮ ಮೇಜು ಗುದ್ದಿದಳು. ಬಟ್ಟಲಲ್ಲಿದ್ದ ಪುಟ್ಟ ಪುಟ್ಟ ಸ್ಕ್ರೂಗಳೆಲ್ಲ ಎಗರಿ ನೆಲಕ್ಕೆ ಬಿದ್ದವು.

"ಅಕ್ಕಾ, ಮೆಲ್ಲಗೆ! ಅವು ಬೇರೆ ಗಿರಾಕೀದು. ಒಂದು ಕಳೆದ್ರೂ ನನ್ನ ಪ್ರಾಣ ತಿಂತಾನೆ" ಎನ್ನುತ್ತ ತಮ್ಮ ಮಂಡಿಯೂರಿ ಹುಡುಕತೊಡಗಿದ.

"ನಿನ್ನ ಪ್ರಾಣದ ಮಾತು ಆಮೇಲೆ. ನನ್ನದು ಆಗಲೇ ಅರ್ಧ ಹೋಗಿದೆ. ಇನ್ನೊಂದು ಸಲ ಒತ್ತು."

"ಎಷ್ಟು ಸಲ ಒತ್ತಲಿ ಹೇಳು? ಆ ಚಾರ್ಟಿನ ಅಕ್ಷರಗಳನ್ನ ಮೇಲಿಂದ ಕೆಳಗೆ ಒತ್ತಿದೆ. ಕೆಳಗಿಂದ ಮೇಲೆ ಒತ್ತಿದೆ. ದೊಡ್ಡಕ್ಷರ ಆಯ್ತು, ಚಿಕ್ಕಕ್ಷರ ಆಯ್ತು, ಮಧ್ಯ ಜಾಗ ಬಿಟ್ಟಿದ್ದೂ ಆಯ್ತು. ಫೈಲೇ ಕೆಟ್ಟುಹೋಗಿದೆ ಅಂತ ಕಳೆದ ವಾರದಿಂದ ಬಾಯಿ ಬಡ್ಕೋತಿದೀನಿ. ತುಕ್ಕು ಹಿಡಿದ ಬೀಗಕ್ಕೆ ಸರಿಯಾದ ಕೀ ಹಾಕಿದ್ರೂ ತೆರೆಯಲ್ಲ ಅಕ್ಕ. ಬಿಟ್ಟುಬಿಡು."

ಬಿಟ್ಟುಬಿಡು ಎನ್ನುವ ಮಾತು ಕೇಳಿದರೆ ಕೆದಕಮ್ಮನಿಗೆ ಪಿತ್ತ ನೆತ್ತಿಗೇರುತ್ತಿತ್ತು. ಅವಳಿಗೆ ಆ ಹೆಸರು ಅಂಟಿದ್ದೇ ಬಿಡದ ಚಾಳಿಯಿಂದ. ವಿಮಾ ಕಚೇರಿಯಲ್ಲಿ ಯಾವ ಕ್ಲೇಮು ಕೈಗೆ ಬಂದರೂ ಕೆದಕಿ ಕೆದಕಿ ಸುಳ್ಳು ಹೊರಗೆಳೆಯುತ್ತಿದ್ದಳೆಂದು ಜೊತೆಯವರು ಹಿಂದಿನಿಂದ ಇಟ್ಟ ಹೆಸರದು. ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದಾಗ ಅವಳು ಅದನ್ನೇ ಬೋರ್ಡಿಗೂ ಬರೆಸಿಬಿಟ್ಟಳು. ಆಡಿಕೊಳ್ಳುವವರ ಬಾಯಿಗೆ ಅಲ್ಲಿಗೆ ಬೀಗ ಬಿತ್ತು.

ತಮ್ಮನಿಗೂ ಒಂದು ಅಡ್ಡಹೆಸರಿತ್ತು, ಡಿಸ್ಕ್ ಡಾಕ್ಟರ್. ಸತ್ತ ಕಂಪ್ಯೂಟರುಗಳ ಹೊಟ್ಟೆ ಕೊಯ್ದು ಕಳೆದುಹೋದ ಫೋಟೋ, ಲೆಕ್ಕ, ಪ್ರಬಂಧ ಎಲ್ಲವನ್ನೂ ಹೊರಗೆ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಅಮ್ಮ ಹೋದಾಗ ಅವನಿನ್ನೂ ಶಾಲೆಯಲ್ಲಿದ್ದ. ಅಂದಿನಿಂದ ಅವನಿಗೆ ಅಕ್ಕನೂ ಅವಳೇ, ಅಮ್ಮನೂ ಅವಳೇ. ಈ ಲೋಕದಲ್ಲಿ ಕೆದಕಮ್ಮ ಕೆದಕದೆ ನಂಬಿದ ಪ್ರಾಣಿ ಅಂತಿದ್ದರೆ ಅದು ಅವನೊಬ್ಬನೇ.

ಅದಕ್ಕೇ ಕನ್ನಡಕದ ಅಂಗಡಿಯಾಕೆ ತನ್ನ ಸತ್ತ ಲ್ಯಾಪ್‌ಟಾಪ್ ತಂದು ಮಡಿಲಿಗೆ ಹಾಕಿದಾಗ ಅವಳು ಎರಡನೆಯ ಯೋಚನೆ ಮಾಡದೆ ಅದನ್ನು ತಮ್ಮನ ಕೈಗೆ ಕೊಟ್ಟಿದ್ದಳು.

ಆ ಲ್ಯಾಪ್‌ಟಾಪಿನದು ವಿಚಿತ್ರ ಕತೆ. ಯಾವುದೋ ಕಾಲದಲ್ಲಿ ಒಬ್ಬ ಗಿರಾಕಿ ದುಬಾರಿ ಕನ್ನಡಕ ಮಾಡಿಸಿಕೊಂಡು, ಕೈಯಲ್ಲಿ ಕಾಸಿಲ್ಲವೆಂದು ಅದರ ಬದಲಿಗೆ ಒಂದಷ್ಟು ಬಿಟ್‌ಕಾಯಿನ್ ಕೊಟ್ಟು ಹೋಗಿದ್ದ. ಅಂಗಡಿಯ ಯಜಮಾನರು ಮಕ್ಕಳಾಟದ ದುಡ್ಡು ಎಂದು ನಕ್ಕು ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡಿನ ಬೀಗವಿರುವ ವಾಲೆಟ್ ಎಂಬ ಫೈಲು ಮಾಡಿ ಅದರಲ್ಲಿ ಹಾಕಿಟ್ಟು ಮರೆತಿದ್ದರು. ಆ ಆಟದ ದುಡ್ಡಿಗೆ ಈಗ ಅರ್ಧ ಕಟ್ಟಡ ಬರುತ್ತದೆ. ಯಜಮಾನರು ಮಾತ್ರ ಇಲ್ಲ. ಹೋದ ವರ್ಷ ಎದೆನೋವೆಂದು ಕೂತವರು ಮೇಲೇಳಲಿಲ್ಲ.

ಕಟ್ಟಡ ಅಣ್ಣ ತಮ್ಮಂದಿರ ಜಂಟಿ ಆಸ್ತಿ. ಮೈದುನ ಅದನ್ನು ಫೋನ್ ಶೋರೂಮಿನವರಿಗೆ ಮಾರಲು ತುದಿಗಾಲಲ್ಲಿ ನಿಂತಿದ್ದಾನೆ. ವಾಲೆಟ್ ತೆರೆದರೆ ಅಂಗಡಿಯಾಕೆ ಅವನ ಪಾಲನ್ನು ಕೊಂಡುಕೊಳ್ಳಬಹುದು, ಅಂಗಡಿ ಉಳಿಯುತ್ತದೆ. ತೆರೆಯದಿದ್ದರೆ ನಾಳೆ ಬೆಳಿಗ್ಗೆ ಕೊಳ್ಳುವವರು ಬರುತ್ತಾರೆ, ಆಕೆ ಸಹಿ ಹಾಕಬೇಕು, ಮದುವೆಯಾಗಿ ಬಂದಂದಿನಿಂದ ಲೆನ್ಸ್ ಉಜ್ಜಿದ ಕೈಯನ್ನು ಮಡಿಚಿಕೊಂಡು ಮೈದುನನ ಮನೆಯ ಮೂಲೆಯಲ್ಲಿ ಕೂರಬೇಕು.

ಯಜಮಾನರು ಹೆಂಡತಿಗೆ ಬಿಟ್ಟು ಹೋದ ಸುಳಿವು ಒಂದೇ. ಪಾಸ್‌ವರ್ಡ್ ಎಲ್ಲಿಟ್ಟಿದ್ದೀರಿ ಎಂದು ಆಕೆ ಎಂದೋ ಕೇಳಿದ್ದಕ್ಕೆ, "ಎಲ್ಲರ ಕಣ್ಣೆದುರೇ ನೇತು ಹಾಕಿದೀನಿ. ಬಂದೋರೆಲ್ಲ ಓದಿ ಹೋಗ್ತಾರೆ, ಒಬ್ಬರೂ ನೆನಪಿಟ್ಕೊಳ್ಳಲ್ಲ" ಎಂದು ನಕ್ಕಿದ್ದರಂತೆ. ಕಣ್ಣು ಪರೀಕ್ಷೆಯ ಚಾರ್ಟು ಎಂದು ಕೆದಕಮ್ಮನಿಗೆ ಕಳೆದ ಬುಧವಾರ ಬೆಳಿಗ್ಗೆ ಹೊಳೆದಿತ್ತು. ಅಂಗಡಿಗೆ ಓಡಿ ಅದರ ಫೋಟೋ ಹೊಡೆದು, ಸತ್ತ ಡಿಸ್ಕಿನಿಂದ ವಾಲೆಟಿನ ಫೈಲನ್ನು ಆಗಲೇ ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದ ತಮ್ಮನಿಗೆ ಅಲ್ಲಿಂದಲೇ ಕಳಿಸಿದ್ದಳು. ಸಂಜೆ ಅವನ ಫೋನು ಬಂದಿತ್ತು: ತೆರೀಲಿಲ್ಲ ಅಕ್ಕ, ಫೈಲೇ ಕೆಟ್ಟಿದೆ.

"ಚಾರ್ಟು ಅಲ್ಲದೆ ಇನ್ನೇನೂ ಇರೋಕೆ ಸಾಧ್ಯವೇ ಇಲ್ಲ" ಎಂದಳು ಈಗ. "ನಡಿ, ಅಂಗಡಿಗೆ ಹೋಗೋಣ. ಅದನ್ನ ಇನ್ನೊಂದು ಸಲ ಕಣ್ಣಾರೆ ನೋಡಬೇಕು."

"ನೀನು ಹೋಗು. ನಂಗೆ ಕೆಲಸ ಇದೆ."

"ಒತ್ತೋಕೆ ಬೆರಳು ಬೇಕಲ್ಲ."

"ಅದೆಲ್ಲಿದೆಯೋ ಏನೋ, ಆ ಕಡೆ ನಾನು ಕಾಲೇ ಇಟ್ಟಿಲ್ಲ."

"ಬ್ಯಾಂಕಿನ ಹಿಂದಿನ ಗಲ್ಲಿ. ನಿನ್ನನ್ನೇನು ಕಾಡಿಗೆ ಕರೀತಿದೀನಾ?" ಎಂದವಳೇ ಅವನ ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. ಜೀವ ಹೋದರೂ ಅದನ್ನು ಬಿಟ್ಟಿರುವವನಲ್ಲ. ಗೊಣಗುತ್ತ ಹಿಂದೆ ಬಂದ.

ಅಂಗಡಿಯ ಬಾಗಿಲಲ್ಲೇ ಮೈದುನ ಎದುರಾದ. ಕೈಯಲ್ಲಿ ಅಳತೆಯ ಟೇಪು. ಗೋಡೆಯಿಂದ ಗೋಡೆಗೆ ಎಳೆದು ಅಳೆದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. ಬಾಟಲಿಯ ತಳದಷ್ಟು ದಪ್ಪ ಗಾಜಿನ ಕನ್ನಡಕದ ಹಿಂದೆ ಅವನ ಕಣ್ಣುಗಳು ಎಲ್ಲೋ ದೂರದಲ್ಲಿರುವಂತೆ ಕಾಣುತ್ತಿದ್ದವು.

"ಬನ್ನಿ ಮೇಡಂ. ಗಂಟು ಸಿಕ್ತಾ?" ಎಂದು ಕಿಸಕ್ಕನೆ ನಕ್ಕ.

"ಸಿಕ್ಕಿದಾಗ ನಿಮಗೇ ಮೊದಲು ಹೇಳ್ತೀನಿ" ಎಂದಳು ಕೆದಕಮ್ಮ. ಹಲ್ಲು ಕಡಿದು ಹೇಳಿದ್ದರಿಂದ ಅದು ಬೈಗುಳದಂತೆಯೇ ಕೇಳಿಸಿತು.

ಹಿಂದೆ ತಿರುಗಿದರೆ ತಮ್ಮ ಹೊಸ್ತಿಲಲ್ಲೇ ನಿಂತು ತನ್ನ ಕನ್ನಡಕ ತೆಗೆದು ಮಡಿಚಿ ಅಂಗಿಯ ಜೇಬಿಗೆ ಹಾಕುತ್ತಿದ್ದ.

"ಯಾಕೋ?"

"ತಲೆನೋವು. ಬಿಸಿಲು ಹೊಡೆದಿದೆ."

ಕೌಂಟರಿನ ಹಿಂದೆ ಅಂಗಡಿಯಾಕೆ ಒಂದು ಫ್ರೇಮಿನ ಕಡ್ಡಿ ಸರಿ ಮಾಡುತ್ತಿದ್ದಳು. ನಾಳೆ ಬೀಗ ಬೀಳಲಿರುವ ಅಂಗಡಿಯಲ್ಲಿ ಇವತ್ತಿನ ರಿಪೇರಿಯನ್ನು ಅಷ್ಟು ನಿಗಾ ಇಟ್ಟು ಮಾಡುವುದನ್ನು ಕೆದಕಮ್ಮ ನಿಂತು ನೋಡಿದಳು. ಆಕೆ ಸ್ಕ್ರೂ ಬಿಗಿ ಮಾಡಿ, ಪುಟ್ಟ ಬಾಟಲಿಯ ಕುಂಚದಿಂದ ಅದರ ತಲೆಯ ಮೇಲೆ ಒಂದು ತೊಟ್ಟು ಕೆಂಪು ಉಗುರುಬಣ್ಣ ಇಟ್ಟಳು.

"ಇದೇನಿದು, ಕನ್ನಡಕಕ್ಕೂ ಅಲಂಕಾರಾನಾ?"

"ಹೀಗೆ ಮಾಡಿದ್ರೆ ಸ್ಕ್ರೂ ಸಡಿಲ ಆಗಲ್ಲ ಮೇಡಂ. ಬೇರೆ ಅಂಗಡಿಯವರು ಬಣ್ಣ ಇಲ್ಲದ್ದು ಹಾಕ್ತಾರೆ. ನಾನು ಮೊದಲಿಂದ ಈ ಇಟ್ಟಿಗೆ ಕೆಂಪೇ ಹಾಕೋದು. ಕಡ್ಡಿ ಮಡಿಚಿದ್ರೆ ಮಾತ್ರ ಕಾಣುತ್ತೆ. ನನ್ನ ಕೈಯಿಂದ ಹೋದ ಕನ್ನಡಕ ಎಷ್ಟು ವರ್ಷ ಬಿಟ್ಟು ವಾಪಸ್ ಬಂದ್ರೂ ನಂಗೆ ಗುರುತು ಸಿಗುತ್ತೆ." ಆಕೆ ತಲೆ ಎತ್ತಿದಳು. "ಇವರೇನಾ ನಿಮ್ಮ ತಮ್ಮ? ಕೂತ್ಕೊಳ್ಳಿ ಸಾರ್."

ತಮ್ಮ ಗೋಣು ಹಾಕಿದ, ಮುಖ ಎತ್ತಲಿಲ್ಲ.

ಬಟ್ಟೆಯ ಪರದೆಯ ಹಿಂದೆ ಕಣ್ಣು ಪರೀಕ್ಷೆಯ ಕೋಣೆ. ಕೋಣೆ ಎಂದರೆ ದೊಡ್ಡ ಮಾತು, ಒಂದು ಕುರ್ಚಿ ಇಟ್ಟರೆ ಕಾಲು ಚಾಚಲು ಜಾಗ ಉಳಿಯುವಷ್ಟು ಅಗಲ. ಯಜಮಾನರು ಹೋದ ಮೇಲೆ ಅಲ್ಲಿ ಪರೀಕ್ಷೆ ನಿಂತೇಹೋಗಿತ್ತು. ಗಿರಾಕಿಗಳು ಡಾಕ್ಟರ ಚೀಟಿ ತರುತ್ತಿದ್ದರು, ಆಕೆ ಲೆನ್ಸ್ ಉಜ್ಜಿ ಕೊಡುತ್ತಿದ್ದಳು.

ಚಾರ್ಟು ಇದ್ದ ಜಾಗದಲ್ಲೇ ಇತ್ತು. ಮೇಲೆ ದೊಡ್ಡ ಅಕ್ಷರ, ಕೆಳಗಿಳಿದಂತೆ ಸಣ್ಣದು. ಕೆದಕಮ್ಮ ಅದನ್ನು ಸವರಿದಳು, ಅಂಚೆತ್ತಿ ಹಿಂದೆ ನೋಡಿದಳು, ಮೂಸಿಯೂ ನೋಡಿದಳು. ಕಾಗದದ ಹಿಂದೆ ಧೂಳು ಬಿಟ್ಟರೆ ಏನೂ ಇರಲಿಲ್ಲ.

"ನೋಡಿದ್ಯಾ? ಹೋಗೋಣ್ವಾ?" ಎಂದ ತಮ್ಮ ಪರದೆಯಾಚೆಯಿಂದ.

"ನಿನ್ನ ಬಾಯಿ ಮುಚ್ಚು ಸ್ವಲ್ಪ!"

ಅವಳಿಗೆ ಅಳು ಬರುವಂತಾಗಿತ್ತು. ಬೆಂಕಿ ಹಚ್ಚಿ ಕಳ್ಳ ಕ್ಲೇಮು ಮಾಡಿದವರನ್ನು ಹಿಡಿದಿದ್ದಳು, ಸತ್ತೆನೆಂದು ಬರೆಸಿ ಬದುಕಿದ್ದವರನ್ನು ಹಿಡಿದಿದ್ದಳು. ಈಗ ನಾಲ್ಕು ಸಾಲು ಅಕ್ಷರ ಅವಳನ್ನು ಕುಣಿಸುತ್ತಿತ್ತು. ಇಷ್ಟು ಹತ್ತಿರ ಬಂದು, ಕಣ್ಣೆದುರೇ ಇರುವುದು ಕೈಗೆ ಬರದಿದ್ದರೆ ಈ ಹೆಂಗಸಿನ ಮುಖ ಹೇಗೆ ನೋಡುವುದು? ಸಾಕಾಗಿ ಅಲ್ಲೇ ಇದ್ದ ಕುರ್ಚಿಯಲ್ಲಿ ಧೊಪ್ಪನೆ ಕೂತಳು. ಕೂತು ಚಾರ್ಟು ನೋಡೋಣವೆಂದು ತಲೆ ಎತ್ತಿದಳು.

ಎದುರಿಗೆ ಬರೀ ಗೋಡೆ.

ಚಾರ್ಟು ಅವಳ ಬೆನ್ನ ಹಿಂದೆ, ತಲೆಯ ಮೇಲಿತ್ತು. ಅವಳು ಕುರ್ಚಿ ತಿರುಗಿಸಲು ನೋಡಿದಳು. ಅಲುಗಲಿಲ್ಲ. ಬಗ್ಗಿದರೆ, ಅದರ ಕಾಲುಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು. ಬೋಲ್ಟುಗಳ ಮೇಲಿನ ಬಣ್ಣ ಹಳೆಯದು, ಯಾರೂ ಇತ್ತೀಚೆಗೆ ಬಿಚ್ಚಿ ತಿರುಗಿಸಿದ್ದಲ್ಲ.

ಕೂತವರು ಬೆನ್ನ ಹಿಂದಿನ ಅಕ್ಷರ ಓದುವುದು ಹೇಗೆ?

ಅವಳು ಎದ್ದು ಎದುರಿನ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಮಾಸಿದ ಬಣ್ಣದ ನಡುವೆ, ಬಾಗಿಲಿನ ಅರ್ಧದಷ್ಟು ಒಂದು ಚೌಕ ಮಾತ್ರ ಹೊಸದರಂತೆ ಬೆಳ್ಳಗಿತ್ತು. ನಾಲ್ಕು ಮೂಲೆಗೂ ಮೊಳೆಯ ತೂತು.

"ಇಲ್ಲಿ ಏನಿತ್ತು?" ಎಂದು ಅವಳು ಕೂಗಿದ ರಭಸಕ್ಕೆ ಅಂಗಡಿಯಾಕೆ ಓಡಿ ಬಂದಳು.

"ಇಲ್ಲೇನಾ? ಇಲ್ಲೊಂದು ದೊಡ್ಡ ಕನ್ನಡಿ ಇತ್ತು. ದಿನಾ ನಾನೇ ಒರೆಸ್ತಿದ್ದೆ."

"ಅಮ್ಮಾ ತಾಯಿ! ಅದನ್ನ ಯಾಕೆ ಹೇಳಲಿಲ್ಲ ನೀವು?"

"ಕನ್ನಡಕದ ಅಂಗಡಿ ಮೇಡಂ, ಗೋಡೆಗೊಂದು ಕನ್ನಡಿ ಇದೆ" ಆಕೆ ತಬ್ಬಿಬ್ಬಾಗಿ ಹೇಳಿದಳು. "ಹೊಸ ಫ್ರೇಮ್ ಹಾಕ್ಕೊಂಡು ಮುಖ ನೋಡ್ಕೊಳ್ಳೋಕೆ ಇದನ್ನೂ ಇಟ್ಟಿದಾರೆ ಅಂದ್ಕೊಂಡಿದ್ದೆ. ನನ್ನ ಕಣ್ಣು ಚೆನ್ನಾಗೇ ಇವೆ, ಆ ಕುರ್ಚಿಲಿ ನಾನು ಒಂದು ದಿನ ಕೂತೋಳಲ್ಲ. ಪರೀಕ್ಷೆ ಮಾಡೋವಾಗ ಅವರು ಪರದೆ ಎಳ್ಕೋತಿದ್ರು, ನಾನು ಒಳಗೆ ಮಷೀನ್ ಸದ್ದಲ್ಲಿರ್ತಿದ್ದೆ."

"ಈಗೆಲ್ಲಿ ಅದು?"

ಅಂಗಡಿಯಾಕೆ ಮೈದುನನ ಕಡೆ ನೋಡಿದಳು. ಅವನು ಟೇಪನ್ನು ಸುರುಳಿ ಸುತ್ತತೊಡಗಿದ್ದ.

"ಹೋದ ತಿಂಗಳು ತೆಗೆಸಿದೆ" ಎಂದ. "ಕೊಳ್ಳೋರು ನೋಡೋಕೆ ಬಂದಿದ್ರಲ್ಲ, ಕೋಣೆ ಖಾಲಿ ಕಾಣಲಿ ಅಂತ. ಎದುರಿನ ದರ್ಜಿ ತಗೊಂಡ."

ಕೆದಕಮ್ಮ ಅವನ ದಪ್ಪ ಗಾಜುಗಳನ್ನೇ ನೋಡುತ್ತ ಒಂದು ಹೆಜ್ಜೆ ಮುಂದೆ ಬಂದಳು. "ನಿಮ್ಮ ಕಣ್ಣು ಯಾರು ಪರೀಕ್ಷೆ ಮಾಡ್ತಿದ್ದಿದ್ದು?"

"ಅಣ್ಣ. ಇನ್ಯಾರು?"

"ಇದೇ ಕುರ್ಚಿಲಿ ಕೂರಿಸಿ?"

"ಹೂಂ."

"ಚಾರ್ಟು ಬೆನ್ನ ಹಿಂದೆ, ನೀವು ಓದ್ತಿದ್ದಿದ್ದು ಎದುರಿನ ಕನ್ನಡಿಲಿ."

"ಕೋಣೆ ಚಿಕ್ಕದು ಮೇಡಂ. ದೂರ ಸಾಲಲ್ಲ. ಕನ್ನಡಿ ಹಾಕಿದ್ರೆ ಅಕ್ಷರ ಎರಡರಷ್ಟು ದೂರ ಹೋದ ಹಾಗೆ. ಅಣ್ಣನದೇ ಉಪಾಯ."

"ಚಾರ್ಟೇ ಪಾಸ್‌ವರ್ಡ್ ಇರಬಹುದು ಅಂತ ನಿಮ್ಮ ಅತ್ತಿಗೆ ಹೋದ ವಾರವೇ ನಿಮಗೆ ಹೇಳಿದ್ರಲ್ಲ? ಆಗ ನಿಮಗೆ ಹೊಳೀಲಿಲ್ವಾ?"

ಮೈದುನ ಟೇಪನ್ನು ಜೇಬಿಗೆ ಹಾಕಿಕೊಂಡ. "ಹೊಳೀತು."

"ಮತ್ತೆ?"

"ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ನಾನೇನು ಕದ್ದಿಲ್ಲ, ಸುಳ್ಳೂ ಹೇಳಿಲ್ಲ. ಸುಮ್ಮನಿದ್ದೆ ಅಷ್ಟೆ. ನಂಗೂ ಮಕ್ಕಳು ಮರಿ ಇವೆ. ಈ ಕೊಂಪೆ ಹಿಡ್ಕೊಂಡು ಎಷ್ಟು ದಿನ ನೇತಾಡ್ಲಿ?"

ಅಂಗಡಿಯಾಕೆಯ ಮುಖ ಕೆಂಪಾಯಿತು. "ನಾನು ರಾತ್ರಿಯೆಲ್ಲ ನಿದ್ದೆಗೆಟ್ಟು ಅಕ್ಷರ ಲೆಕ್ಕ ಹಾಕ್ತಿದ್ದೆ. ನೀವು ನೋಡ್ಕೊಂಡು ಕೂತಿದ್ರಾ? ನಿಮ್ಮಣ್ಣ ಇದ್ದಿದ್ರೆ ಕಪಾಳಕ್ಕೆ ಬಾರಿಸ್ತಿದ್ರು."

"ಅಣ್ಣ ಇದ್ದಿದ್ರೆ ಈ ರಾಮಾಯಣವೇ ಇರ್ತಿರಲಿಲ್ಲ ಅತ್ತಿಗೆ" ಎಂದು ಅವನು ಗೋಡೆಗೆ ಮಾತಾಡಿದ.

ಜಗಳಕ್ಕೆ ಆಮೇಲೆ ಹೊತ್ತಿದೆ. ಕೆದಕಮ್ಮ ಕೌಂಟರಿನ ಮೇಲಿದ್ದ ಮುಖ ನೋಡುವ ಕನ್ನಡಿಯನ್ನು ತರಿಸಿ, ಕುರ್ಚಿಯಲ್ಲಿ ಕೂತು ಮುಖದೆದುರು ಹಿಡಿದಳು. ಹಿಂದಿನ ಚಾರ್ಟು ಅದರೊಳಗೆ ಬಂತು. ಅಕ್ಷರಗಳು ಒಂದಿಷ್ಟೂ ಬದಲಾಗಿರಲಿಲ್ಲ. ಎಚ್, ಒ, ಟಿ, ವಿ, ಎಂ, ಎಲ್ಲವೂ ಎಡಬಲ ಒಂದೇ ಥರ ಇರುವಂಥವು. ಯಜಮಾನರು ಬೇಕೆಂದೇ ಆರಿಸಿದ ಅಕ್ಷರಗಳು, ಕನ್ನಡಿಯಲ್ಲೂ ಸರಿಯಾಗಿಯೇ ಕಾಣಲೆಂದು. ಬದಲಾಗಿದ್ದುದು ಸಾಲಿನೊಳಗಿನ ಸರದಿ ಮಾತ್ರ. ಗೋಡೆಯ ಮೇಲೆ ಎಚ್‌ನಿಂದ ಶುರುವಾಗುವ ಕೊನೆಯ ಸಾಲು ಕನ್ನಡಿಯಲ್ಲಿ ಎಂ‌ನಿಂದ ಶುರುವಾಗುತ್ತಿತ್ತು.

ಬಂದೋರೆಲ್ಲ ಓದಿ ಹೋಗ್ತಾರೆ. ಬಂದವರು ಓದಿದ್ದು ಹೀಗೆ!

"ಒತ್ತೋ!" ಎಂದಳು. "ಮೇಲಿನ ಸಾಲಿಂದ ಹೇಳ್ತೀನಿ. ಪ್ರತಿ ಸಾಲನ್ನೂ ಕನ್ನಡೀಲಿ ಕಾಣೋ ಹಾಗೆ."

ತಮ್ಮ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ಚಾರ್ಜರಿನ ತಂತಿಯನ್ನು ಗೋಡೆಗೆ ಸಿಕ್ಕಿಸಿದ. ಕನ್ನಡಕವಿಲ್ಲದೆ ಮುಖವನ್ನು ಪರದೆಗೆ ಹತ್ತಿರ ಒಯ್ದು ಅವಳು ಹೇಳಿದ್ದನ್ನು ಒತ್ತುತ್ತ ಹೋದ. ಅಂಗಡಿಯಾಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ಮೈದುನ ಕೂಡ ಕುತ್ತಿಗೆ ಉದ್ದ ಮಾಡಿದ್ದ.

"ಪಾಸ್‌ವರ್ಡ್ ತಪ್ಪು."

ಮೈದುನ ಕುತ್ತಿಗೆ ಹಿಂದಕ್ಕೆ ಎಳೆದುಕೊಂಡ.

"ಹೇಳಿದ್ನಲ್ಲ" ಎಂದ ತಮ್ಮ. "ಫೈಲೇ ಸತ್ತಿದೆ. ಎಷ್ಟು ಅಂತ ಈ ಅಮ್ಮನಿಗೆ ಆಸೆ ಹುಟ್ಟಿಸ್ತೀಯ ಅಕ್ಕ? ಮುಚ್ಚಿಬಿಡೋಣ." ಅವನ ಕೈ ಆಗಲೇ ಮುಚ್ಚಳದ ಮೇಲಿತ್ತು.

ಅಂಗಡಿಯಾಕೆ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಅದನ್ನು ನೋಡಿ ಕೆದಕಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಸತ್ತ ಯಜಮಾನರ ಮೇಲೆ, ಬಾಯಿ ಬಿಡದ ಮೈದುನನ ಮೇಲೆ, ಕನ್ನಡಿ ಕೊಂಡುಹೋದ ದರ್ಜಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ.

"ಏಳು" ಎಂದಳು.

"ಅಕ್ಕಾ..."

"ಏಳೋ ಅಂದ್ರೆ! ಕನ್ನಡಕ ಇಲ್ಲದೆ ಏನು ಒತ್ತಿದ್ಯೋ ಏನೋ. ನಾನೇ ಒತ್ತುತ್ತೀನಿ. ನೀವು ಕನ್ನಡಿ ಹಿಡ್ಕೊಂಡು ಓದಿ" ಎಂದು ಅಂಗಡಿಯಾಕೆಯನ್ನು ಕುರ್ಚಿಗೆ ಕೂರಿಸಿದಳು.

ಹೀಗೆ ಮೊದಲ ಸಲ ಅಂಗಡಿಯಾಕೆ ತನ್ನ ಗಂಡನ ಕುರ್ಚಿಯಲ್ಲಿ ಕೂತು, ಸಾವಿರಾರು ಗಿರಾಕಿಗಳು ಓದಿದ್ದನ್ನು ತಾನೂ ಓದಿದಳು. ಕೆದಕಮ್ಮ ಒಂದೇ ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಕೊನೆಯ ಅಕ್ಷರದ ಮೇಲೆ ಅವಳ ಬೆರಳು ಬಿದ್ದಾಗ ತಮ್ಮ ಮುಖ ಆ ಕಡೆ ತಿರುಗಿಸಿದ್ದ. ಪಾಪ, ಅವನಿಗೂ ನೋಡಲಾಗುತ್ತಿಲ್ಲ ಎಂದುಕೊಂಡಳು.

ಪರದೆ ಬದಲಾಯಿತು.

ವಾಲೆಟ್ ತೆರೆದಿತ್ತು!

ಅಂಗಡಿಯಾಕೆ ಕೂತಲ್ಲೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. "ನೋಡಿದ್ರಾ, ನೋಡಿದ್ರಾ, ಅವರು ಹೇಳಿದ್ದು ನಿಜ" ಎಂದು ಯಾರಿಗೆಂದಿಲ್ಲದೆ ಹೇಳಿದಳು. ಕೆದಕಮ್ಮನಿಗೆ ಆಕೆಯನ್ನು ತಬ್ಬಿಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಅವಳ ಕಣ್ಣು ಮೊತ್ತ ತೋರಿಸುವ ಜಾಗಕ್ಕೆ ಹೋಯಿತು.

ಅಲ್ಲಿ ಸೊನ್ನೆ ಇತ್ತು.

ಕೆಳಗೆ ಎರಡೇ ಸಾಲು. ಮೊದಲನೆಯದು ಎಷ್ಟೋ ವರ್ಷದ ಹಿಂದಿನದು, ಗಿರಾಕಿ ಕೊಟ್ಟಿದ್ದು ಒಳಗೆ ಬಂದದ್ದು. ಎರಡನೆಯದು ಇದ್ದದ್ದೆಲ್ಲ ಒಂದೇ ಸಲಕ್ಕೆ ಹೊರಗೆ ಹೋದದ್ದು. ಅದರ ಪಕ್ಕದ ತಾರೀಖನ್ನು ಅವಳು ಎರಡೆರಡು ಸಲ ಓದಿದಳು. ಕಳೆದ ಬುಧವಾರ, ಮಧ್ಯಾಹ್ನ.

"ಏನಾಯ್ತು ಮೇಡಂ? ಎಷ್ಟಿದೆ?"

ಹೇಳದೆ ವಿಧಿಯಿರಲಿಲ್ಲ. ಹೇಳಿದಳು.

ಅಂಗಡಿಯಾಕೆ ಕುರ್ಚಿಯಿಂದ ಎದ್ದ ವೇಗಕ್ಕೆ ಕೈಗನ್ನಡಿ ಬಿದ್ದು ಚೂರಾಯಿತು. "ನೀನೇ!" ಎಂದು ಮೈದುನನ ಅಂಗಿ ಹಿಡಿದಳು. ಇಷ್ಟು ವರ್ಷ ನೀವು ಎನ್ನುತ್ತಿದ್ದ ಬಾಯಿ. "ಕನ್ನಡಿ ವಿಷಯ ನಿಂಗೊಬ್ಬನಿಗೇ ಗೊತ್ತಿದ್ದಿದ್ದು. ಬಳ್ಕೊಂಡು ತಿಂದು, ಮೇಲಿಂದ ಟೇಪ್ ಹಿಡ್ಕೊಂಡು ಬಂದಿದ್ದೀಯಲ್ಲೋ!"

"ಅತ್ತಿಗೆ, ಬಿಡಿ! ನನ್ನ ಮಕ್ಕಳಾಣೆ, ನಾನಲ್ಲ!" ಮೈದುನನ ಮುಖ ಬಿಳಿಚಿತ್ತು. ಅವನ ನಗುವೆಲ್ಲ ಎಲ್ಲಿ ಹೋಗಿತ್ತೋ. "ಅಕ್ಷರ ಗೊತ್ತಿದ್ರೆ ಆಯ್ತಾ? ಫೈಲ್ ಬೇಡ್ವಾ? ಲ್ಯಾಪ್‌ಟಾಪ್ ಸತ್ತು ನಿಮ್ಮ ಬೀರೂಲೇ ಇತ್ತು, ಬೀಗದ ಕೈ ನಿಮ್ಮ ಸೊಂಟದಲ್ಲೇ ಇತ್ತು. ಆಮೇಲೆ ಈ ಮೇಡಂ ತಗೊಂಡು ಹೋದ್ರು. ನನ್ನ ಕೈಗೆ ಅದು ಬಂದಿದ್ದು ಯಾವಾಗ? ನೀವೇ ಹೇಳಿ ಮೇಡಂ!"

ಕೆದಕಮ್ಮ ಮನಸ್ಸಿನಲ್ಲೇ ದಿನಗಳ ಲೆಕ್ಕ ಹಾಕಿದಳು.

ಈ ಮನುಷ್ಯ ಸ್ವಾರ್ಥಿ, ಕಲ್ಲುಮನಸ್ಸಿನವನು, ಅದೆಲ್ಲ ಸರಿ. ಆದರೆ ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಬುಧವಾರ ಆ ಫೈಲು ಜಗತ್ತಿನಲ್ಲಿ ಇದ್ದದ್ದು ಒಂದೇ ಕಡೆ. ಬುಧವಾರ ಬೆಳಿಗ್ಗೆ ಚಾರ್ಟಿನ ಫೋಟೋ ಅವಳು ಕಳಿಸಿದ್ದು ಒಬ್ಬನಿಗೇ.

ಇಲ್ಲ. ಅವನಿಗೆ ಕನ್ನಡಿಯ ಗುಟ್ಟು ಗೊತ್ತಾಗುವುದು ಹೇಗೆ? ಈ ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಗೊತ್ತಾಗುವಂಥದ್ದು ಅದು. ಅವನು ಈ ಗಲ್ಲಿಗೆ ಕಾಲೇ ಇಟ್ಟವನಲ್ಲ. ಹಾಗಂತ ಅವನೇ ಹೇಳಿದನಲ್ಲ. ತನ್ನ ತಲೆಗೆ ಇಂಥ ಯೋಚನೆ ಬಂದುದಕ್ಕೇ ಅವಳಿಗೆ ನಾಚಿಕೆಯಾಯಿತು.

"ಅಕ್ಕ, ನಾವು ಹೊರಡೋಣ. ಇದು ಅವರ ಮನೆ ಜಗಳ" ಎಂದ ತಮ್ಮ. ಲ್ಯಾಪ್‌ಟಾಪ್ ಮುಚ್ಚಿ, ಚಾರ್ಜರಿನ ತಂತಿ ಕೀಳಲು ಗಡಿಬಿಡಿಯಿಂದ ಬಗ್ಗಿದ. ಅಂಗಿಯ ಜೇಬಿನಿಂದ ಕನ್ನಡಕ ಜಾರಿ, ಚೂರಾದ ಕನ್ನಡಿಯ ಪಕ್ಕದಲ್ಲೇ ಬಿತ್ತು.

ಅವನಿಗಿಂತ ಮೊದಲು ಅವಳ ಕೈ ಹೋಯಿತು. ಶಾಲೆಗೆ ಹೋಗುವಾಗಿನಿಂದ ಅವನು ಬೀಳಿಸಿದ್ದನ್ನೆಲ್ಲ ಎತ್ತಿಕೊಟ್ಟ ಕೈ ಅದು.

ಕನ್ನಡಕ ಮಡಿಚಿಕೊಂಡಿತ್ತು. ಎಷ್ಟೋ ವರ್ಷದಿಂದ ಅವನ ಮೂಗಿನ ಮೇಲೆ ನೋಡಿದ ಕನ್ನಡಕ, ಮಡಿಚಿದ್ದನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಕಡ್ಡಿ ಮಡಿಚುವ ಮೂಲೆಯಲ್ಲಿ, ಸ್ಕ್ರೂವಿನ ಪುಟ್ಟ ತಲೆಯ ಮೇಲೆ, ಒಂದು ತೊಟ್ಟು ಬಣ್ಣ ಒಣಗಿ ಕೂತಿತ್ತು. ಇಟ್ಟಿಗೆ ಕೆಂಪು.

ಅವಳು ತಲೆ ಎತ್ತಿದಳು. ತಮ್ಮ ಬಗ್ಗಿದವನು ಬಗ್ಗಿದಂತೆಯೇ ಅವಳನ್ನು ನೋಡುತ್ತಿದ್ದ.

ಆ ಕಡೆ ಮೈದುನ ಇನ್ನೂ ಆಣೆ ಹಾಕುತ್ತಿದ್ದ. ಅಂಗಡಿಯಾಕೆ ಅವನ ಅಂಗಿ ಬಿಟ್ಟು, ಕಣ್ಣೊರೆಸಿಕೊಂಡು ಇತ್ತ ತಿರುಗಿದಳು. ಕೆದಕಮ್ಮನ ಕೈಯಲ್ಲಿದ್ದುದರ ಮೇಲೆ ಆಕೆಯ ಕಣ್ಣು ನಿಂತಿತು. ಅಭ್ಯಾಸಬಲ, ಯಾರ ಕೈಯಲ್ಲಿ ಕನ್ನಡಕ ಕಂಡರೂ ಆಕೆಯ ಕೈ ತಾನಾಗಿ ಮುಂದೆ ಬರುತ್ತಿತ್ತು.

"ಬಿತ್ತಾ ಮೇಡಂ? ಕಡ್ಡಿ ಸೊಟ್ಟ ಆಗಿರುತ್ತೆ. ಕೊಡಿ, ನೋಡ್ತೀನಿ."

ಊರೆಲ್ಲರ ಸುಳ್ಳನ್ನು ಕೆದಕಿ ಹೊರಗೆಳೆದ ಕೆದಕಮ್ಮ ತನ್ನ ಹೆಬ್ಬೆರಳನ್ನು ಆ ಕೆಂಪು ಚುಕ್ಕೆಯ ಮೇಲೆ ಒತ್ತಿ ಹಿಡಿದಳು.

"ಏನೂ ಆಗಿಲ್ಲ" ಎಂದಳು.

ಅಂಗಡಿಯಾಕೆಯ ಚಾಚಿದ ಕೈ ಹಾಗೆಯೇ ಇತ್ತು.